ಕಾರ್ಡಿನ ಕಿವಿ

ಸಾಂಗಲಿಯ ಆ ಸಭೆಯಲ್ಲಿ ಅಮೋಗಸಿದ್ದ ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಬಂದಿದ್ದರೆ ಅವನ ಪಾಡಿಗೆ ಅವನು ಸುಖವಾಗಿ ಇರುತ್ತಿದ್ದ. ಚಹಾ ಏನೋ ಕುಡಿದ. ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಆಗಲಿಲ್ಲ.

ಅದು ಜಿಲ್ಲೆಯ ಕೆಲವು ಕಾಲೇಜುಗಳ ಲೈಬ್ರರಿಯವರು ಕೂಡಿದ್ದ ಸಭೆ. ಸನ್ ಎಪ್ಪತ್ನಾಲ್ಕು. ನಿಮ್ಮಲ್ಲಿ ಪುಸ್ತಕ ಹುಡುಕುವ ವ್ಯವಸ್ಥೆ ಹೇಗಿದೆ, ನಮ್ಮಲ್ಲಿ ಹೀಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಸಭೆಯ ಉದ್ದೇಶ. ಹೇಳಿಕೊಳ್ಳುವುದು ಅಂದರೆ ಗೊತ್ತಲ್ಲ, ಕೊಚ್ಚಿಕೊಳ್ಳುವುದು. ಒಬ್ಬರು ಪುಸ್ತಕದ ಕಾರ್ಡು ಇಡಲು ಮುಂಬಯಿಯಿಂದ ತರಿಸಿದ ಸಾಗವಾನಿ ಡ್ರಾವರುಗಳನ್ನು ವರ್ಣಿಸಿದರು. ಇನ್ನೊಬ್ಬರು ತಮ್ಮ ಟೈಪ್‌ರೈಟರು ಎಷ್ಟು ಮೆತ್ತಗೆ ಹೊಡೆಯುತ್ತದೆ ಎಂದು ಬೆರಳಾಡಿಸಿ ತೋರಿಸಿದರು. ಕಡೆಗೆ ಸರದಿ ಗಡಿಯ ಕನ್ನಡ ಹಳ್ಳಿ ಕರಜಗಿಯ ಹೊಸ ಕಾಲೇಜಿಗೆ ಬಂತು.

ಆ ಕಾಲೇಜಿನ ಲೈಬ್ರರಿ ಇದ್ದದ್ದು ಸೊಸಾಯಿಟಿಯ ಹಳೇ ಗೋದಾಮಿನಲ್ಲಿ. ಡ್ರಾವರೂ ಇಲ್ಲ, ಟೈಪ್‌ರೈಟರೂ ಇಲ್ಲ, ಇಲಿಗಳಿಗೆ ಮಾತ್ರ ಕೊರತೆ ಇಲ್ಲ. ನಮ್ಮಲ್ಲಿ ಏನೂ ಇಲ್ಲ ಎಂದು ಹೇಳಿ ಕೂತುಬಿಡಲು ಅಲ್ಲಿನ ಗ್ರಂಥಪಾಲ ಅಮೋಗಸಿದ್ದನಿಗೆ ಮನಸ್ಸಾಗಲಿಲ್ಲ. ಎದ್ದು ನಿಂತವನೇ ಅಂದುಬಿಟ್ಟ: "ನಮ್ಮಲ್ಲಿ ಪುಸ್ತಕ ಹುಡುಕೂದ ಇಲ್ಲರಿ. ನಾ ದಬ್ಬಣ ಚುಚ್ಚತೀನಿ, ಬೇಕಾದ ಪುಸ್ತಕದ ಕಾರ್ಡ್ ತಾನ ಕೆಳಗ ಬೀಳತೈತಿ."

ಮಿರಜದ ಜನಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಈ ಕೆಲಸದಲ್ಲಿ ತಲೆ ನರೆತ ಹೆಂಗಸು, ಎಲ್ಲರಿಗಿಂತ ಹಿರಿಯರು. ತವರು ಜತ್ತದ ಕಡೆಯದಾದ್ದರಿಂದ ಕನ್ನಡವೂ ಚೊಕ್ಕಟವಾಗಿ ಬರುತ್ತಿತ್ತು. "ಹಂಗಾದ್ರ ಮುಂದಿನ ಸಭಾ ಕರಜಗ್ಯಾಗ," ಅಂದರು. "ಬಂದು ನೋಡತೀವಿ. ಕಾರ್ಡ್ ಹ್ಯಾಂಗಿರಬೇಕು ಅಂತ ಒಂದು ಮಾದರಿ ಕಳಿಸ್ರಿ. ನಾವೂ ನಮ್ಮ ಪುಸ್ತಕದ್ದು ಒಂದೊಂದು ಕಟ್ಟು ಮಾಡಿ ತರತೀವಿ."

ಅವನು ಹೇಳಿದ್ದು ಸುಳ್ಳಲ್ಲ, ಅದೊಂದು ಪುಣ್ಯ. ಯಾವುದೋ ಹಳೇ ಮಾಸಿಕದಲ್ಲಿ ಇಂಥ ಪದ್ಧತಿಯ ಚಿತ್ರ ನೋಡಿ, ಕೈಯಲ್ಲಿ ಕವಡೆ ಕಾಸಿಲ್ಲದೆ ಅದನ್ನು ಕರಜಗಿಯಲ್ಲಿ ಕಟ್ಟಿ ನಿಲ್ಲಿಸಿದ್ದ ಹುಡುಗ ಅವನು. ಮೆಚ್ಚಬೇಕಾದ್ದೇ. ಪ್ರತಿ ಪುಸ್ತಕಕ್ಕೂ ಒಂದು ದಪ್ಪ ಕಾರ್ಡು. ಕಾರ್ಡಿನ ನಾಲ್ಕೂ ಅಂಚಿಗೆ ಸಾಲಾಗಿ ತೂತು. ಒಂದೊಂದು ತೂತಿಗೆ ಒಂದೊಂದು ವಿಷಯ: ಇದು ಇತಿಹಾಸ, ಇದು ಕತೆ, ಮೇಲಿನ ಎಡಮೂಲೆಯದು ಒಕ್ಕಲುತನ. ಪುಸ್ತಕ ಯಾವ ವಿಷಯದ್ದೋ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆದುಬಿಡುವುದು. ಆಮೇಲೆ ಕಾರ್ಡುಗಳನ್ನೆಲ್ಲ ಒಟ್ಟು ಹಿಡಿದು, ಇತಿಹಾಸ ಬೇಕೆಂದರೆ ಇತಿಹಾಸದ ತೂತಿಗೆ ದಬ್ಬಣ ಪೋಣಿಸಿ ಎತ್ತಿ ಝಾಡಿಸಿದರೆ ಮುಗಿಯಿತು. ಬಾಯಿ ತೆರೆದ ಕಾರ್ಡು ಜಾರಿ ಕೆಳಗೆ ಬೀಳುತ್ತದೆ, ಉಳಿದದ್ದು ದಬ್ಬಣಕ್ಕೆ ನೇತಾಡುತ್ತದೆ.

ತೂತು ಹೊಡೆಯಲು ಎಸ್ಟಿ ಬಸ್ಸಿನ ಕಂಡಕ್ಟರನೊಬ್ಬನ ಹಳೇ ಪಂಚ್ ಸಿಕ್ಕಿತ್ತು. ಬಾಯಿ ಕತ್ತರಿಸಲು ಸೋದರಮಾವ ಶಿದ್ರಾಯನ ಮನೆಯ ಕತ್ತರಿ, ಕುರಿಗಳ ಕಿವಿಗೆ ಗುರುತು ಹಾಕುವಂಥದು. ದಬ್ಬಣ ಅವ್ವ ಯಮನವ್ವ ಕೌದಿ ಹೊಲಿಯುವಂಥದು. ಕಾರ್ಡಿಗೆ ಜತ್ತದ ಛಾಪಖಾನೆಯಲ್ಲಿ ಉಳಿದ ಲಗ್ನಪತ್ರಿಕೆಯ ದಪ್ಪ ಕಾಗದ. ಹೀಗಾಗಿ ಯಾವ ಕಾರ್ಡನ್ನು ತಿರುವಿ ನೋಡಿದರೂ ಹಿಂದುಗಡೆ ಗಣಪತಿ ಕೂತಿರುತ್ತಿದ್ದ. ಆ ಕಾಗದದಲ್ಲೇ ಗುಲಾಬಿ ಅಂಚಿನ ಒಂದು ಚೆಂದದ ಕಟ್ಟನ್ನು ಮಾತ್ರ ಅಮೋಗಸಿದ್ದ ಮುಟ್ಟದೆ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದ. ಅದು ಅವನ ಸ್ವಂತ ಲಗ್ನಕ್ಕೆ.

ಲಗ್ನ ನಿಂತದ್ದು ಒಂದೇ ಮಾತಿನ ಮೇಲೆ. ಲೈಬ್ರರಿಯಲ್ಲಿ ದುಡಿಯುತ್ತಿದ್ದವರು ಇಬ್ಬರು: ಗ್ರಂಥಪಾಲ ಅಮೋಗಸಿದ್ದ, ಶಿಪಾಯಿ ಶಿದ್ರಾಯ. ಇಬ್ಬರೂ ಹಂಗಾಮಿ. ಈ ವರ್ಷ ಲೈಬ್ರರಿಗೆ ಒಂದೇ ಒಂದು ಕಾಯಂ ಜಾಗ ಮಂಜೂರಾಗಿತ್ತು. ಅದು ಅಮೋಗಸಿದ್ದನಿಗೇ ಎಂದು ಊರಿಗೆ ಊರೇ ಅಂದುಕೊಂಡಿತ್ತು. ಶಿದ್ರಾಯನ ಮಗಳು ಹಾಲವ್ವ ಅಂದರೆ ಅಮೋಗಸಿದ್ದನಿಗೆ ಜೀವ. ಹಾಲವ್ವನಿಗೂ ಮನಸ್ಸಿತ್ತು. ಆದರೆ ಶಿದ್ರಾಯ ಗೆರೆ ಎಳೆದು ಹೇಳಿಬಿಟ್ಟಿದ್ದ: "ಕಾಯಂ ಆಗು, ಧಾರಿ ಎರದ ಕೊಡತೀನಿ. ಹಂಗಾಮಿ ಮನಷ್ಯಾಗ ಹೆಣ್ಣ ಕೊಟ್ಟು, ನಾಳಿ ನೌಕರಿ ಹೋದ್ರ ನಾ ಯಾರ ಮಾರಿ ನೋಡ್ಲಿ?"

ಈ ಶಿದ್ರಾಯ ಅರ್ಧ ಆಯುಷ್ಯ ಕುರಿ ಕಾದು, ಮೊಣಕಾಲು ಹಿಡಿದ ಮೇಲೆ ಕಾಲೇಜು ಸೇರಿದವನು. ದನಿ ಮಾತ್ರ ಅಡವಿಯಲ್ಲಿ ಇದ್ದದ್ದೇ. ಗೋದಾಮಿನೊಳಗೆ ಅಳಿಯನಿಗೆ "ಸಾಹೇಬರ" ಅನ್ನುತ್ತಿದ್ದ, ಹೊಸ್ತಿಲು ದಾಟಿದೊಡನೆ "ಏ ಅಳಿಯಾ." ಇಲಿಗಳ ಕಾಟಕ್ಕೆ ಹೆದರಿ ದಿನಾ ಸಂಜೆ ಕಾರ್ಡಿನ ಕಟ್ಟುಗಳನ್ನು ಕಂಬಳಿಯಲ್ಲಿ ಸುತ್ತಿ ತನ್ನ ಮನೆಗೆ ಒಯ್ದು, ಬೆಳಿಗ್ಗೆ ಹೊತ್ತು ತರುತ್ತಿದ್ದ. ಅಳಿಯನ ಈ ವಿದ್ಯೆಯ ಮೇಲೆ ಅವನಿಗೆ ಅಷ್ಟು ಹೆಮ್ಮೆ. ಕಾಲೇಜಿನ ಚೇರಮನ್ ಭರಮಣ್ಣನೂ ಬಾಯಿಬಿಟ್ಟು ಹೇಳಿದ್ದ: "ಸಾಂಗಲಿ ಮಿರಜದವರು ಬಂದು ಶಾಬ್ಬಾಸ ಅಂದ್ರಂದ್ರ ಅವತ್ತ ಕಾಯಂ. ಹಾರಾ ಹಾಕೂದ್ರಾಗ ಆರ್ಡರ್."

ಆ ದಿನವೂ ಬಂತು.

ಬೆಳಿಗ್ಗೆ ಅಮೋಗಸಿದ್ದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಬ್ಬಣಕ್ಕೆ ಕೈಹಾಕಿದರೆ ಗೂಡು ಖಾಲಿ.

"ಯವ್ವಾ! ದಬ್ಬಣ ಎಲ್ಲಿ?"

"ಗೌರವ್ವ ಒಯ್ದಾಳೋ," ಯಮನವ್ವ ಒಲೆಯ ಮುಂದಿನಿಂದಲೇ ಹೇಳಿದಳು. "ಜ್ವಾಳದ ಚೀಲದ ಬಾಯಿ ಹೊಲಿಯಾಕ."

"ಇವತ್ತ ಯಾಕ ಕೊಟ್ಟಿ? ಇವತ್ತ ಅದರ ಮ್ಯಾಲ ನನ್ನ ಬದುಕ ನಿಂತೈತಿ!"

"ಕೇಳಿದಾಕಿಗಿ ಇಲ್ಲ ಅನ್ಲೇನು? ನಿನ್ನ ಲಗ್ನದಾಗ ಹೋಳಿಗಿ ಲಟ್ಟಸಾಕ ಅಕೀನ ಬರಬೇಕು," ಎಂದಳು ತಾಯಿ.

ಅಮೋಗಸಿದ್ದ ನೆರೆಮನೆಯ ಗೌರವ್ವನ ಅಂಗಳಕ್ಕೆ ಓಡಿದ. ಗೌರವ್ವ ಅವನನ್ನು ಕಂಡವಳೇ ಚಾಪೆ ಹಾಸಿದಳು. "ಬಾರೋ ಯಪ್ಪಾ, ಕುಂದರು. ಚಹಾ ಕುಡದ ಹೋಗು. ಅಲ್ಲಾ, ಸಾಂಗಲಿ ಮಂದಿ ನಿನ್ನ ನೋಡಾಕ ಬರತಾರಂತ? ಕರಜಗಿ ಹೆಸರ ಮ್ಯಾಲ ತಂದಿ ನೋಡು."

"ಚಿಗವ್ವಾ, ದಬ್ಬಣ..."

"ಅಯ್ಯ, ಅದು ಪುಸ್ತಕ ಬೀಳಸೂ ದಬ್ಬಣ ಅಂತ ನನಗೇನ ಗೊತ್ತು? ಗೊತ್ತಿದ್ರ ಅರಿಶಿಣ ಕುಂಕುಮ ಹಚ್ಚಿ ಇಡತಿದ್ದೆ. ಚೀಲದಾಗ ಚುಚ್ಚಿ ಜಗ್ಗಿದೆ ನೋಡು, ಹಿಂಗ ಬಾಗೇ ಹೋತು." ಗೌರವ್ವ ಬೆರಳನ್ನು ಕುಡುಗೋಲಿನ ಹಾಗೆ ಬಗ್ಗಿಸಿ ತೋರಿಸಿದಳು.

"ಈಗ ಎಲ್ಲೈತಿ?"

"ನಿಮ್ಮ ಮಾವನ ಮನಿಗಿ ಕಳಿಸೀನಿ. ಕಲ್ಲ ಮ್ಯಾಲ ಇಟ್ಟು ನೆಟ್ಟಗ ಮಾಡತಾನ. ಚಹಾ ಬಿಟ್ಟ ಎಲ್ಲಿ ಹೊಂಟಿ? ಸಕ್ಕರಿ ಹಾಕೀನೋ!"

ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿ, ನಾಲಿಗೆ ಸುಟ್ಟುಕೊಂಡು, ಅವನು ಮಾವನ ಮನೆಗೆ ಓಡಿದ. ಶಿದ್ರಾಯ ಆಗಲೇ ಕಾರ್ಡು ಹೊತ್ತು ಕಾಲೇಜಿಗೆ ಹೋಗಿಯಾಗಿತ್ತು. ಬಾಗಿಲಲ್ಲಿ ಹಾಲವ್ವ ನಿಂತಿದ್ದಳು, ಕೈಯಲ್ಲಿ ನೆಟ್ಟಗಾದ ದಬ್ಬಣ.

"ಕೊಡ ಲಗೂನ, ಬಸ್ಸ ಬರೂ ಹೊತ್ತಾತು!" ಅಂದ ಅಮೋಗಸಿದ್ದ, ಸುಟ್ಟ ನಾಲಿಗೆಯಲ್ಲಿ.

"ಕೊಡತೀನಿ. ಮದಲ ಒಂದ ಮಾತ ಹೇಳ್ರಿ. ಊರ ಮಂದಿ ಲಗ್ನದ ಕಾಗದ ಎಲ್ಲಾ ಪುಸ್ತಕಕ್ಕ ಹಾಕಿದ್ರಲ್ಲ, ನಮ್ಮದಕ್ಕರ ಏನರ ಉಳದೈತೋ ಇಲ್ಲೋ?"

"ಟ್ರಂಕಿನ್ಯಾಗ ಒಂದ ಕಟ್ಟ ಐತಿ," ಎಂದ ಅವನು ನಾಚಿಕೊಂಡು. "ಗುಲಾಬಿ ಅಂಚಿಂದು."

ಹಾಲವ್ವನ ಮುಖ ಅರಳಿತು. ದಬ್ಬಣ ಕೊಡುವಾಗ ಅವಳ ಬೆರಳು ತಾಗಿತು. ಅಮೋಗಸಿದ್ದನಿಗೆ ಸಾಂಗಲಿ, ಮಿರಜ, ನಾಲಿಗೆ ಸುಟ್ಟದ್ದು ಎಲ್ಲ ಮರೆತುಹೋಯಿತು. ಆ ಹೊತ್ತಿನಲ್ಲಿ ಅಂಗಳದ ಕೋಳಿಗಳು ಬಿಳೀ ಬಿಳೀ ಚೂರುಗಳನ್ನು ಕುಟುಕಿ ಕುಟುಕಿ ಉಗುಳುತ್ತಿದ್ದವು. ಪುಣ್ಯಾತ್ಮ ಒಮ್ಮೆ ಬಗ್ಗಿ ನೋಡಬಾರದಿತ್ತೆ? ಪ್ರೀತಿ ಮಾಡುವವರು ಕೋಳಿಯನ್ನೆಲ್ಲಿ ನೋಡುತ್ತಾರೆ!

ಗೋದಾಮಿಗೆ ಬಂದಾಗ ಎಸ್ಟಿ ಬಸ್ಸು ಧೂಳೆಬ್ಬಿಸುತ್ತ ನಿಲ್ಲುತ್ತಿತ್ತು. ಇಳಿದವರು ಮೂವರು: ಮಿರಜದ ಜನಾಬಾಯಿ, ಸಾಂಗಲಿಯ ಡ್ರಾವರಿನವರು, ಜತ್ತದ ಟೈಪ್‌ರೈಟರಿನವರು. ಮೂವರ ಬಗಲಲ್ಲೂ ಒಂದೊಂದು ಕಟ್ಟು, ಅವನು ಕಳಿಸಿದ ಮಾದರಿಯಂತೆಯೇ ತೂತು ಹೊಡೆದು ಬಾಯಿ ಕತ್ತರಿಸಿದ ಕಾರ್ಡುಗಳು. ಚೇರಮನ್ ಭರಮಣ್ಣ ಹಳದಿ ರುಮಾಲು ಸುತ್ತಿ, ಪ್ರಿನ್ಸಿಪಾಲ್ ಬಾಳಾಸಾಹೇಬರು ಟೈ ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಬರ್ರಿ ಬಾಯಾರ, ಬರ್ರಿ, ಕುಂದ್ರಿ," ಶಿದ್ರಾಯ ಎಲ್ಲರಿಗಿಂತ ಮುಂದೆ ನುಗ್ಗಿ ಖುರ್ಚಿ ಒರೆಸಿದ. ಚುರುಮರಿ, ಮಿರ್ಚಿಭಜಿ, ಚಹಾ ಆಯಿತು. ಭರಮಣ್ಣನ ಭಾಷಣವಾಯಿತು. ಆ ಭಾಷಣದಲ್ಲಿ ಕಾಲೇಜಿನ ಜಾಗ ಕೊಡಿಸಿದವನು ತಾನು, ಗೋದಾಮಿನ ತಗಡು ಹಾಕಿಸಿದವನು ತಾನು, ಅಮೋಗಸಿದ್ದನನ್ನು ಹುಡುಕಿ ತೆಗೆದವನೂ ತಾನು ಎಂದು ಬಂದ ಮೇಲೆ ದಬ್ಬಣದ ಸರದಿ ಬಂತು.

ಅಮೋಗಸಿದ್ದ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲೆ ತಟ್ಟಿ ಸಮ ಮಾಡಿದ. ಕಾರ್ಡಿನ ಕಡೆ ನೋಡುವ ವ್ಯವಧಾನ ಎಲ್ಲಿ, ಕಣ್ಣೆಲ್ಲ ಬಂದವರ ಮುಖದ ಮೇಲೆ. "ಏನು ಬೇಕು ಹೇಳ್ರಿ," ಅಂದ.

"ಕನ್ನಡ ಕತಿ ಪುಸ್ತಕ," ಅಂದರು ಜನಾಬಾಯಿ.

ಅವನು ದಬ್ಬಣ ಪೋಣಿಸಿ, ಎತ್ತಿ, ಝಾಡಿಸಿದ. ಪಟಪಟನೆ ಕಾರ್ಡುಗಳು ಉದುರಿದವು. ಜನಾಬಾಯಿ ಒಂದೊಂದನ್ನೇ ಎತ್ತಿ ಓದಿದರು. ಎಲ್ಲವೂ ಕತೆಯವೇ. ಒಂದೂ ಹೆಚ್ಚಿಲ್ಲ, ಒಂದೂ ತಪ್ಪಿಲ್ಲ.

"ಅಗ್ಗಬಾಯಿ!" ಅಂದರು ಅವರು. ಮರಾಠಿ ಅವರಿಗೆ ಆಶ್ಚರ್ಯಕ್ಕಷ್ಟೇ ಬೇಕಾಗುತ್ತಿತ್ತು.

"ಇತಿಹಾಸ, ಅದರಾಗ ಹೆಂಗಸರು ಬರದದ್ದು ಐತೇನು?" ಕೇಳಿದರು ಸಾಂಗಲಿಯವರು, ಸೋಲಿಸಬೇಕೆಂದೇ. ಅಮೋಗಸಿದ್ದ ಇತಿಹಾಸದ ತೂತಿನಿಂದ ಒಮ್ಮೆ ಉದುರಿಸಿ, ಬಿದ್ದ ಕಾರ್ಡುಗಳಿಗೆ ಇನ್ನೊಂದು ತೂತಿನಿಂದ ದಬ್ಬಣ ಚುಚ್ಚಿ ಎತ್ತಿದ. ಒಂದೇ ಒಂದು ಕಾರ್ಡು ತೇಲುತ್ತ ಬಂದು ಸಾಂಗಲಿಯವರ ಚಹಾದ ಬಶಿಯ ಮೇಲೆ ಕೂತಿತು. ಅವರು ಅದನ್ನು ಓದಿದರು, ತಿರುವಿ ಗಣಪತಿಯನ್ನು ನೋಡಿದರು, ಅಮೋಗಸಿದ್ದನಿಗೆ ಕೈಮುಗಿದರು.

ಚಪ್ಪಾಳೆಯೋ ಚಪ್ಪಾಳೆ. ಭರಮಣ್ಣ ಪ್ರಿನ್ಸಿಪಾಲರ ಕಿವಿಯಲ್ಲಿ "ಹಾರಾ ತರಸ್ರಿ" ಅಂದದ್ದು ಅಮೋಗಸಿದ್ದನಿಗೆ ಸ್ಪಷ್ಟವಾಗಿ ಕೇಳಿಸಿತು. ಹಾರದ ಹಿಂದೆಯೇ ಬಾಸಿಂಗವೂ ಕಣ್ಣಿಗೆ ಕಟ್ಟಿತು. ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಜನಾಬಾಯಿ ಮೆಚ್ಚಿಬಿಟ್ಟಿದ್ದರಲ್ಲ, ಮೆಚ್ಚಿದವರಿಗೆ ಇಷ್ಟಕ್ಕೆ ಸಾಕಾಗುವುದಿಲ್ಲ.

"ನಾವು ತಂದ ಕಾರ್ಡೂ ಇದರಾಗ ಕೂಡಸ್ರಿ," ಅಂದರು. "ನಾಕೂ ಕಾಲೇಜಿಂದು ಒಂದ ಕಟ್ಟು ಮಾಡ್ರಿ. ಒಕ್ಕಲುತನದ ಪುಸ್ತಕ ಎಲ್ಲೆಲ್ಲಿ ಏನೇನ ಐತಿ ಅಂತ ಒಂದ ಏಟಿಗೆ ಗೊತ್ತಾಗಲಿ."

ಕಾರ್ಡುಗಳನ್ನು ಕಲೆಸಿದರು. ಇಸ್ಪೀಟಿನಲ್ಲಿ ಕೈಪಳಗಿದ ಪ್ರಿನ್ಸಿಪಾಲರೇ ಮುಂದೆ ಬಂದು ಚೆನ್ನಾಗಿ ಕಲೆಸಿಕೊಟ್ಟರು. ಅಮೋಗಸಿದ್ದ ಎಡಮೂಲೆಯ ತೂತಿಗೆ ದಬ್ಬಣ ಪೋಣಿಸಿ, ಜಾದೂಗಾರನ ಹಾಗೆ ಎಲ್ಲರ ಮುಖ ನೋಡಿ, ಎತ್ತಿದ.

ಧಬ್!

ನಾಲ್ಕಾರು ಕಾರ್ಡು ಬೀಳಬೇಕಾದಲ್ಲಿ ರಾಶಿಗೆ ರಾಶಿಯೇ ಕುಸಿಯಿತು. ಮೇಜು ತುಂಬಿ, ಚಹಾದ ಬಶಿ ತುಂಬಿ, ಭರಮಣ್ಣನ ತೊಡೆಯ ಮೇಲೂ ಗಣಪತಿಗಳು ಬಂದು ಕೂತವು. ದಬ್ಬಣಕ್ಕೆ ಉಳಿದದ್ದು ಹೊರಗಿನವರು ತಂದಷ್ಟೇ ಕಾರ್ಡು.

ಭರಮಣ್ಣ ತೊಡೆಯ ಮೇಲಿನದೊಂದನ್ನು ಎತ್ತಿ ಓದಿದ. "ಕನ್ನಡ ವ್ಯಾಕರಣ. ಇದು ಒಕ್ಕಲುತನೇನೋ ಅಮೋಗಸಿದ್ದ?"

ಅಮೋಗಸಿದ್ದ ದಬ್ಬಣ ಹಿಡಿದುಕೊಂಡೇ ರಾಶಿಯ ಕಡೆ ಬಗ್ಗಿದ.

"ಇದು ಭೂಮಿತಿ, ಗಣಿತದ್ದು," ಪ್ರಿನ್ಸಿಪಾಲರು ಇನ್ನೊಂದನ್ನು ಓದಿದರು.

"ಅದರಾಗ ಭೂಮಿ ಐತಿ, ಇರ್ಲಿ ಬಿಡ್ರಿ," ಭರಮಣ್ಣ ಕಾಲೇಜಿನ ಮಾನ ಉಳಿಸಲು ನೋಡಿದ. ಆದರೆ ಮುಂದಿನ ಕಾರ್ಡು ನಾಟಕದ್ದು, ಅದರ ಮುಂದಿನದು ಕಣ್ಣಿನ ರೋಗದ್ದು. ಕಣ್ಣಿನ ರೋಗವನ್ನು ಒಕ್ಕಲುತನಕ್ಕೆ ಸೇರಿಸುವುದು ಚೇರಮನ್ನನ ಕೈಯಲ್ಲೂ ಆಗಲಿಲ್ಲ. ಸಾಂಗಲಿಯವರು ಮುಗಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

ಅಮೋಗಸಿದ್ದ ಒಂದು ಕಾರ್ಡು ಎತ್ತಿ ನೋಡಿದ. ಎಡಮೂಲೆ ಓರೆಯಾಗಿ, ಚೊಕ್ಕಾಗಿ ಕತ್ತರಿಸಿ ಹೋಗಿತ್ತು. ಇನ್ನೊಂದು ನೋಡಿದ, ಅದೂ ಹಾಗೇ. ಎಲ್ಲವೂ ಹಾಗೇ. ಆ ಓರೆಯನ್ನು ಅವನು ಹುಟ್ಟಿದಂದಿನಿಂದ ಬಲ್ಲ. ಮಾವನ ಕುರಿಗಳ ಕಿವಿಯಲ್ಲಿ ಇರುವುದು ಅದೇ. ಬೆಳಗಿನ ಕೋಳಿಗಳೂ ಆಗ ನೆನಪಿಗೆ ಬಂದವು, ಏನು ಪ್ರಯೋಜನ!

"ಇದೇನಿದು ಅಮೋಗಸಿದ್ದ? ಯಾರ ಮಾಡಿದ್ದು?" ಭರಮಣ್ಣ ಗುಡುಗಿದ. "ಊರ ಮರ್ಯಾದಿ ಕಳದ್ಯಲ್ಲೋ!"

ಕಾಯಂ ಹೋಯಿತು, ಹಾಲವ್ವ ಹೋದಳು, ಗುಲಾಬಿ ಅಂಚಿನ ಕಟ್ಟು ಟ್ರಂಕಿನಲ್ಲೇ ಗೆದ್ದಲು ಹಿಡಿಯಿತು. ಇಷ್ಟೂ ಒಂದೇ ಉಸಿರಿನಲ್ಲಿ ಅಮೋಗಸಿದ್ದನ ಕಣ್ಣ ಮುಂದೆ ಹಾದುಹೋಯಿತು. ಹೆದರಿಕೆಯಲ್ಲಿ ಮನುಷ್ಯನಿಗೆ ಮಾವ ಕಾಣುವುದಿಲ್ಲ, ಅಳಿಯ ಕಾಣುವುದಿಲ್ಲ. "ನಾ ಅಲ್ಲರಿ!" ಎಂದು ಕೂಗಿದ. "ದೇವರಾಣಿ ನಾ ಅಲ್ಲ! ಈ ಮೂಲಿ ಕತ್ತರಸಿದಾಂವ ಶಿದ್ರಾಯ! ಇದು ಪೂರಾ ಶಿದ್ರಾಯನ ಬುದ್ಧಿ. ಇದರಾಗ ನಂದು ಎಳ್ಳಕಾಳಿನಷ್ಟೂ ಪಾಲಿಲ್ಲ. ಎಲ್ಲಾರೂ ಕೇಳ್ರಿ, ಎಳ್ಳಕಾಳಿನಷ್ಟೂ ಇಲ್ಲ!"

ಎಲ್ಲರೂ ಶಿದ್ರಾಯನ ಕಡೆ ತಿರುಗಿದರು. ಅವನು ಒಂದಿಷ್ಟೂ ಅಂಜಲಿಲ್ಲ. ರುಮಾಲು ಸರಿಮಾಡಿಕೊಂಡು ಮುಂದೆ ಬಂದ.

"ಹೌದ್ರಿ, ನಾನ ಕತ್ತರಸೀನಿ. ತಪ್ಪೇನ್ರಿ ಬಾಯಾರ? ಇವತ್ತ ನಾಕೂ ಕಾಲೇಜಿನ ಕಾರ್ಡ್ ಒಂದ ಕಡಿ ಕೂಡತಾವ ಅಂತ ಸಾಹೇಬರು ನಿನ್ನೆ ಹೇಳಿದ್ರು. ನಾಕ ಹಿಂಡು ಒಂದ ಹಟ್ಟ್ಯಾಗ ಕೂಡೂ ಮುಂದ ಕಿವಿ ಗುರುತು ಹಾಕದ ಬಿಡೂ ಕುರಿಗಾರ ಯಾವ ಊರಾಗರ ಇದ್ದಾನೇನ್ರಿ? ರಾತ್ರಿ ಕಾರ್ಡ್ ಬಿಚ್ಚಿ ನೋಡತೀನಿ, ಒಂದರ ಕಿವಿ ಬಲಕ್ಕ ಹರದೈತಿ, ಒಂದರದು ಎಡಕ್ಕ, ಒಂದರದು ಬುಡಕ್ಕ. ಹಿಂಗಾದ್ರ ಯಾವ ಕುರಿ ಯಾರದು? ಹುಡುಗ ಸಾಲಿ ಭಾಳ ಕಲತಾನ, ಕುರಿ ಕಾದಿಲ್ಲ, ಮರತಿರಬೇಕು ಅಂದೆ. ಒಂದೂ ಬಿಡದಂಗ ನಮ್ಮ ಮನಿತನದ ಗುರುತು ಹಾಕಿದೆ. ಕಾಲೇಜಿನ ಮಾಲ ಅಲ್ಲೇನ್ರಿ? ಯಾರರ ಹೊಡಕೊಂಡ ಹೋದ್ರ?"

ಜತ್ತದವರು ಮೇಜಿನ ಮೇಲಿನ ರಾಶಿ ನೋಡಿ ತಲೆ ಕೆರೆದುಕೊಂಡರು. "ಅದೆಲ್ಲ ಇರ್ಲಿ. ಈಗ ಎಲ್ಲಾ ಕಲಸಿಬಿಟ್ರಲ್ಲ, ನಮ್ಮ ಕಾರ್ಡ್ ನಾವು ಹ್ಯಾಂಗ ಆರಿಸಿಕೊಳ್ಳೂದು?"

ಜನಾಬಾಯಿ ಅಮೋಗಸಿದ್ದನ ಕೈಯಲ್ಲಿ ಇನ್ನೂ ನೇತಾಡುತ್ತಿದ್ದ ದಬ್ಬಣವನ್ನು ನೋಡಿದರು. ಅದಕ್ಕೆ ಉಳಿದಿದ್ದ ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ರಾಶಿಯನ್ನು ಕೆದಕಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಆರಸೂದ ಬ್ಯಾಡ," ಅಂದರು ಮೆಲ್ಲಗೆ. "ಆರಸೇ ಆಗೇತಿ. ದಬ್ಬಣಕ್ಕ ಉಳದದ್ದೆಲ್ಲ ನಮ್ಮವು. ಕೆಳಗ ಬಿದ್ದದ್ದೆಲ್ಲ ಕರಜಗೀವು. ನಡುವ ನಮ್ಮ ಒಕ್ಕಲುತನದವು ನಾಕಾರು ಬಿದ್ದಾವ, ಅಷ್ಟ."

ಎಲ್ಲರೂ ಮೇಜಿನ ಮೇಲೆ ಬಗ್ಗಿದರು.

"ತಿಳೀತೇನ್ರಿ ಇದು?" ಜನಾಬಾಯಿಯ ದನಿ ಏರಿತು. "ಕಾರ್ಡಿಗೆ ಮೂಲಿ ನಾಕು, ನಾವು ಕಾಲೇಜು ನಾಕು. ಒಬ್ಬೊಬ್ಬರಿಗಿ ಒಂದೊಂದ ಮೂಲಿ ಕೊಟ್ಟಬಿಡೋಣ. ಒಕ್ಕಲುತನಕ್ಕ ಬ್ಯಾರೆ ತೂತು. ಎಲ್ಲಾರ ಕಾರ್ಡೂ ಒಂದ ಕಡಿ ಕೂಡಿದ್ರೂ ಯಾವ ಪುಸ್ತಕ ಎಲ್ಲೈತಿ ಅಂತ ದಬ್ಬಣ ಹೇಳತೈತಿ. ನಮ್ಮ ಕಾಲೇಜಿನ ಹುಡುಗಿಗೆ ಬೇಕಾದ ಪುಸ್ತಕ ಕರಜಗ್ಯಾಗ ಇದ್ರ ಮಿರಜದಾಗ ಕುಂತು ಗೊತ್ತಾಗತೈತಿ. ನಾವು ಸಭಾ ಮಾಡಿ ಮಾಡಿ ಚಹಾ ಕುಡದ್ವಿ, ಇದು ಒಬ್ಬರಿಗೂ ಹೊಳೀಲಿಲ್ಲ. ಶಿದ್ರಾಯಣ್ಣಾರ, ಧನ್ಯ ಆದೆ!"

ಸಾಂಗಲಿಯವರು ಈಗ ಶಿದ್ರಾಯನಿಗೆ ಕೈಮುಗಿದರು. ಪ್ರಿನ್ಸಿಪಾಲರು "ಶಾಬ್ಬಾಸ! ಶಾಬ್ಬಾಸ!" ಎಂದು ಮೇಜು ಗುದ್ದಿದರು. ಶಿದ್ರಾಯನಿಗೆ ಏನು ಹೊಳೆಯಿತೋ ಬಿಟ್ಟಿತೋ, ಕುರಿ ಮಾರುವ ದಿನ ನಿಲ್ಲುವ ಹಾಗೆ ಎದೆ ಸೆಟೆಸಿ ನಿಂತ.

ಅಮೋಗಸಿದ್ದನಿಗೆ ಆಗ ಎಚ್ಚರವಾಯಿತು. "ಹಂಗಲ್ಲರಿ," ಎಂದ ತಡವರಿಸುತ್ತ. "ಮೂಲ ವಿಚಾರ ಅಂದ್ರ... ನಾನೂ ಒಂದ ಲೆಕ್ಕದಾಗ... ಮಾವಗ ನಾನ..."

ಭರಮಣ್ಣ ಅವನ ಹೆಗಲ ಮೇಲೆ ಕೈಹಾಕಿದ. "ಸಾಕೋ ತಮ್ಮಾ. ನೀ ಹೇಳಿದ್ದು ಎಲ್ಲಾರೂ ಕೇಳೀವಿ. ಎಳ್ಳಕಾಳಿನಷ್ಟೂ ಪಾಲಿಲ್ಲ ಅಂದಿ. ಬ್ಯಾರೆಯವರ ಬುದ್ಧೀನ ತನ್ನದು ಅಂತ ಹೇಳೂ ಈ ಕಾಲದಾಗ ಇಷ್ಟು ಪ್ರಾಮಾಣಿಕ ಮನಷ್ಯಾನ್ನ ನಾ ನೋಡಿಲ್ಲ. ಎಲ್ಲಾರೂ ಒಮ್ಮೆ ಅಮೋಗಸಿದ್ದಗ ಚಪ್ಪಾಳಿ ಹೊಡೀರಿ!"

ಹೊಡೆದರು. ಜೋರಾಗಿಯೇ ಹೊಡೆದರು. ಶಿದ್ರಾಯನೂ ಕಣ್ಣಲ್ಲಿ ನೀರು ತಂದುಕೊಂಡು ಹೊಡೆದ. "ಸಾಹೇಬರದು ದೊಡ್ಡ ಮನಸ್ಸರಿ," ಅಂದ. ಅಮೋಗಸಿದ್ದನ ಪಾಲಿಗೆ ಆ ದಿನ ಬಂದ ಬಹುಮಾನ ಆ ಚಪ್ಪಾಳೆ ಒಂದೇ. ಯಾಕೆಂದರೆ ಹಾರ ಬಂದದ್ದು ಶಿದ್ರಾಯನ ಕೊರಳಿಗೆ.

"ಲೈಬ್ರರಿಗಿ ಒಂದ ಕಾಯಂ ಜಾಗಾ ಐತಿ," ಭರಮಣ್ಣ ಎಲ್ಲರಿಗೂ ಕೇಳುವ ಹಾಗೆ ಸಾರಿದ. "ಅದು ಗ್ರಂಥಪಾಲಗ ಕೊಡಬೇಕೋ, ಶಿಪಾಯಿಗಿ ಕೊಡಬೇಕೋ ಅಂತ ಕಾಗದದಾಗ ಎಲ್ಲೂ ಬರದಿಲ್ಲ. ನಾ ಕೊಟ್ಟ ಮಾತ ತಪ್ಪಾಂವಲ್ಲ. ಶಾಬ್ಬಾಸ ಅನಿಸಿಕೊಂಡಾಂವ ಯಾರು? ಶಿದ್ರಾಯ. ಇವತ್ತಿನಿಂದ ಶಿದ್ರಾಯ ಕಾಯಂ!"

ಪ್ರಿನ್ಸಿಪಾಲರು ಅಲ್ಲೇ ಪೆನ್ನು ತೆಗೆದರು.

ಸಂಜೆ ಯಮನವ್ವ ಮಗನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಶಿದ್ರಾಯ ಹಾರ ಇನ್ನೂ ತೆಗೆದಿರಲಿಲ್ಲ. ಕಂಬಳಿಯ ಮೇಲೆ ಕೂತು ಬಂದವರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಹಾಲವ್ವ ಕಂಬದ ಮರೆಯಲ್ಲಿ ನಿಂತಿದ್ದಳು.

"ಯಣ್ಣಾ, ಯಾರರ ಒಬ್ಬರು ಕಾಯಂ ಆದ್ರಲ್ಲ," ಅಂದಳು ಯಮನವ್ವ. "ಮನಿಯಾಗಿನ ಜಾಗಾ ಮನ್ಯಾಗ ಉಳೀತು. ಇನ್ನ ಅಕ್ಕಿಕಾಳ ಒಗದ ಬಿಡೋಣ."

ಶಿದ್ರಾಯ ಬೆಲ್ಲದ ಕೈಯನ್ನು ಮೀಸೆಗೆ ಒರೆಸಿಕೊಂಡ. "ಯಮನವ್ವಾ, ನಾ ಹಂಗಾಮಿ ಇದ್ದಾಗನ ಕಾಯಂ ಅಳಿಯ ಬೇಕಂದಾಂವ. ಈಗ ನಾನ ಕಾಯಂ ಆಗೀನಿ. ಈಗ ಹಂಗಾಮಿ ಅಳಿಯನ್ನ ತಂದ್ರ ಮಂದಿ ನಗೂದಿಲ್ಲೇನು? ಹುಡುಗ ಚಿನ್ನಾ, ಅದಕ್ಕ ಇಲ್ಲ ಅನ್ನೂದಿಲ್ಲ. ಮುಂದಿನ ಜಾಗಾ ಬರೂತನಕ ತಡೀರಿ. ಚೇರಮನ್ನರ ಕಡಿ ನಾನ ಒಂದ ಮಾತ ಹೇಳತೀನಿ."

"ನನ್ನ ಮಗನ ಹೊಟ್ಟಿ ಮ್ಯಾಲ ಕಾಲಿಟ್ಟು ನೀ ಮಾತ ಹೇಳತಿ?" ಯಮನವ್ವ ಸೊಂಟಕ್ಕೆ ಕೈಕೊಟ್ಟಳು.

"ಸಭಾದಾಗ ನನ್ನ ಹೆಸರ ಹೇಳಿದಾಂವ ನಿನ್ನ ಮಗಾನ ಅಲ್ಲೇನು? ನಾ ಕೇಳಿದ್ನೇನು?" ಅಂದ ಶಿದ್ರಾಯ. ಯಮನವ್ವ ಮಗನ ಕಡೆ ಒಮ್ಮೆ ಕೆಕ್ಕರಿಸಿ ನೋಡಿ ಬೆಲ್ಲ ಬಾಯಿಗೆ ಹಾಕಿಕೊಂಡಳು.

"ಅಂದಂಗ, ಅಳಿಯಾ," ಶಿದ್ರಾಯ ದನಿ ತಗ್ಗಿಸಿದ. "ನಾಕೂ ಕಾಲೇಜಿಗೆ ಹೊಸಾ ಕಾರ್ಡ್ ಬೇಕಂತ ಜನಾಬಾಯಿ ಹೇಳಿ ಹೋಗ್ಯಾರ. ಛಾಪಖಾನ್ಯಾಗ ಕಾಗದ ತೀರೇತಿ. ನಿನ್ನ ಟ್ರಂಕಿನ್ಯಾಗ ಗುಲಾಬಿ ಅಂಚಿಂದು ಒಂದ ಕಟ್ಟ ಐತಂತಲ್ಲ? ಹೆಂಗೂ ಈಗ ಕೆಲಸಿಲ್ಲ. ತಗೊಂಡ ಬಾ."

ಅಮೋಗಸಿದ್ದ ಕಂಬದ ಕಡೆ ನೋಡಿದ. ಹಾಲವ್ವ ಸಂತೋಷ ತಡೆಯಲಾರದೆ ಅಪ್ಪ ಮನೆಗೆ ಬಂದೊಡನೆಯೇ ಹೇಳಿಬಿಟ್ಟಿದ್ದಳೆಂದು ಕಾಣುತ್ತದೆ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅವನು ಕಟ್ಟು ತಂದ. ಕಾಯಂ ಶಿಪಾಯಿ ಹೇಳಿದಂತೆ ಹಂಗಾಮಿ ಗ್ರಂಥಪಾಲ ಅಂಗಳದಲ್ಲಿ ಕೂತು, ತನ್ನ ಲಗ್ನಪತ್ರಿಕೆಗೆ ತೂತು ಹೊಡೆಯತೊಡಗಿದ. ಮನಸ್ಸಿನಲ್ಲಿ ದುಃಖ ಉಕ್ಕಿ ಬರುತ್ತಿತ್ತು. ಕೋಳಿಗಳು ಬಂದು ಗುಲಾಬಿ ಚೂರು ಕುಟುಕಿದವು. ಬಿಳಿಗಿಂತ ರುಚಿ ಇತ್ತೋ ಏನೋ, ಇವನ್ನು ಉಗುಳಲಿಲ್ಲ.

ಸ್ವಲ್ಪ ಹೊತ್ತಿಗೆ ಹಾಲವ್ವ ಬಂದು ಪಕ್ಕದಲ್ಲಿ ಕೂತಳು. ಒಂದು ಕಾರ್ಡು ಎತ್ತಿ ಅವನ ಮುಂದೆ ಹಿಡಿದಳು. "ಇದರ ಮ್ಯಾಲ ಪುಸ್ತಕದ ಹೆಸರ ಬ್ಯಾಡ. ನಿಮ್ಮ ಹೆಸರ ಬರೀರಿ."

"ಯಾಕ?"

"ಬರೀರಿ ಅಂದ್ರ. ಬರದು ನಾಕೂ ಮೂಲಿ ಕತ್ತರಸ್ರಿ. ಯಾವ ಕಾಲೇಜಿನ್ಯಾಗ ಕಾಯಂ ಜಾಗಾ ಬಿದ್ದು, ಯಾವ ಮೂಲಿಗಿ ದಬ್ಬಣ ಚುಚ್ಚಿದ್ರೂ ಮದಲ ನೀವ ಕೆಳಗ ಬೀಳಬೇಕು."

ಇಡೀ ದಿನದಲ್ಲಿ ಅಮೋಗಸಿದ್ದ ಮೊದಲ ಸಲ ನಕ್ಕ. ಎಂಥಾ ಹುಡುಗಿ! ಹೆಸರು ಬರೆದು, ನಾಲ್ಕೂ ಮೂಲೆಯನ್ನು ಒಂದೊಂದಾಗಿ, ಅಕ್ಕರೆಯಿಂದ ಕತ್ತರಿಸಿದ.

ಹಿಂದೆ ನೆರಳು ಬಿತ್ತು. ಶಿದ್ರಾಯ ಬಗ್ಗಿ ಆ ಕಾರ್ಡನ್ನು ಎತ್ತಿಕೊಂಡ. ಓದು ಬಾರದ ಅವನು ಅದನ್ನು ದೀಪಕ್ಕೆ ಹಿಡಿದು ನಾಲ್ಕೂ ಮೂಲೆ ಬೆರಳಿನಿಂದ ಸವರಿ ನೋಡಿದ.

"ಇದೇನೋ ಅಳಿಯಾ, ನಾಕೂ ಕಡಿ ಹರದಿಟ್ಟಿ? ಎಲ್ಲಾರ ಗುರುತೂ ಇದ್ದ ಕುರಿ ಯಾರದೂ ಅಲ್ಲೋ ಮಾರಾಯಾ," ಎಂದು ಅದನ್ನು ಕೋಳಿಗಳ ಕಡೆ ಒಗೆದ.